ರೂವಾರಿ ಅಂದರೆ ಶಿಲ್ಪಿಯೋ, ಸಂಚುಕೋರನೋ?

ಪ್ರಶ್ನೆ: ನಮ್ಮೂರಿನ ಗ್ರಂಥಾಲಯಕ್ಕೆ ಐವತ್ತು ವರ್ಷ ತುಂಬುತ್ತಿದೆ. ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದೆ. ಗ್ರಂಥಾಲಯವನ್ನು ಕಟ್ಟಿ ಬೆಳೆಸಿದ ಮೇಷ್ಟ್ರನ್ನು ‘ಗ್ರಂಥಾಲಯದ ರೂವಾರಿ’ ಎಂದು ಕರೆದಿದ್ದೆ. ಸಂಪಾದಕ ಮಂಡಳಿಯಲ್ಲಿ ಒಬ್ಬರು, ‘ರೂವಾರಿ ಅಂತ ದರೋಡೆ ಮಾಡಿಸಿದವರಿಗೆ ಹೇಳುತ್ತಾರೆ, ಮೊದಲು ಅದನ್ನು ತೆಗೆಯಿರಿ’ ಎಂದರು. ಬದಲಿಗೆ ಕರ್ತೃ, ನಿರ್ಮಾತೃ, ಹರಿಕಾರ, ಜನಕ, ಸಂಸ್ಥಾಪಕ ಎಂದು ಒಬ್ಬೊಬ್ಬರು ಒಂದೊಂದು ಪದ ಹೇಳಿದರು. ಇವೆಲ್ಲ ಒಂದೇನಾ? ರೂವಾರಿ ನಿಜಕ್ಕೂ ಕೆಟ್ಟ ಪದವಾ?

ಉತ್ತರ: ಕೆಟ್ಟ ಪದ ಅಲ್ಲ. ಧೈರ್ಯವಾಗಿ ಬರೆಯಿರಿ. ನೀವು ಹೇಳಿದ ಮೇಷ್ಟ್ರಿಗೆ ಇದಕ್ಕಿಂತ ಒಪ್ಪುವ ಪದ ಸಿಗುವುದು ಕಷ್ಟ. ಆದರೆ ನಿಮ್ಮ ಸ್ನೇಹಿತರ ತಕರಾರನ್ನು ಸುಮ್ನೆ ತಳ್ಳಿಹಾಕುವ ಹಾಗೂ ಇಲ್ಲ. ಬೆಳಿಗ್ಗೆ ಪತ್ರಿಕೆ ತೆಗೆದರೆ ‘ದಾಳಿಯ ರೂವಾರಿ’, ‘ಸಂಚಿನ ರೂವಾರಿ’, ‘ವಂಚನೆಯ ರೂವಾರಿ ಸೆರೆ’ ಎಂದು ಓದುತ್ತೇವೆ. 2008ರ ಮುಂಬೈ ದಾಳಿಯ ಸುದ್ದಿಗಳಲ್ಲಂತೂ ಈ ಪದ ಲೆಕ್ಕವಿಲ್ಲದಷ್ಟು ಸಲ ಬಂದಿದೆ. ಇದನ್ನೇ ಓದಿಕೊಂಡು ಬಂದವರಿಗೆ ಗ್ರಂಥಾಲಯದ ಪಕ್ಕ ರೂವಾರಿ ಕಂಡರೆ ಮುಜುಗರ ಆಗುವುದು ಸಹಜ.

ಪದ ಎಲ್ಲಿಂದ ಬಂತು ಅಂತ ನೋಡೋಣ. ಸಂಸ್ಕೃತದ ‘ರೂಪಕಾರಿ’ ಕನ್ನಡದ ಬಾಯಲ್ಲಿ ‘ರೂವಾರಿ’ ಆಯಿತು. ಪ್ರಾಕೃತದಲ್ಲಿ ರೂಪವನ್ನು ‘ರೂವ’ ಎನ್ನುತ್ತಾರೆ. ಎರಡು ಸ್ವರಗಳ ನಡುವಿನ ಪಕಾರ ವಕಾರವಾಗುವುದು ನಮಗೆ ಹೊಸದಲ್ಲ. ದ್ವೀಪ ‘ದೀವಿ’ ಆಯಿತು, ದೀಪಾವಳಿ ‘ದೀವಳಿಗೆ’ ಆಯಿತು. ‘ಕಾರ’ದ ಕಕಾರ ಬಿದ್ದುಹೋಗುವುದನ್ನು ಕುಂಭಕಾರ ‘ಕುಂಬಾರ’ ಆದದ್ದರಲ್ಲಿ ಕಾಣಬಹುದು. ಹಾಗಾಗಿ ರೂವಾರಿ ಅಂದರೆ ರೂಪ ಮಾಡುವವನು, ಆಕಾರ ಕೊಡುವವನು. ಹಳಗನ್ನಡದಲ್ಲಿ ಅದಕ್ಕೆ ನೇರವಾದ ಅರ್ಥ ಒಂದೇ: ಶಿಲ್ಪಿ.

ಶಾಸನಗಳಲ್ಲಿ ಇದು ಗೌರವದ ಪದ. ಶ್ರವಣಬೆಳಗೊಳದ ಹೊಯ್ಸಳರ ಕಾಲದ ಶಾಸನಗಳಲ್ಲಿ ‘ಬಿರುದ ರೂವಾರಿ ಮುಖತಿಲಕ’ ಎಂಬ ಬಿರುದು ಸಿಗುತ್ತದೆ. ಬಿರುದು ಪಡೆದ ಶಿಲ್ಪಿಗಳ ಮುಖಕ್ಕೇ ತಿಲಕದಂಥವನು ಎಂದು ಅರ್ಥ. ಯಾರಿಗೆ ಈ ಬಿರುದು? ಆ ಅಕ್ಷರಗಳನ್ನು ಕಲ್ಲಿನಲ್ಲಿ ಕಂಡರಿಸಿದವನಿಗೆ! ದಾನ ಕೊಟ್ಟ ದಂಡನಾಯಕನ ಹೊಗಳಿಕೆಯ ಕೊನೆಯಲ್ಲಿ ಉಳಿ ಹಿಡಿದವನೂ ತನ್ನ ಹೆಸರನ್ನು ಅಷ್ಟೇ ಠೀವಿಯಿಂದ ಸೇರಿಸಿದ್ದಾನೆ. ನನಗಂತೂ ಇದು ತುಂಬ ಇಷ್ಟ.

ಹೊಯ್ಸಳ ಶಿಲ್ಪಿಗಳಿಗೆ ಹೆಸರು ಹಾಕುವ ಅಭ್ಯಾಸ ಜಾಸ್ತಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. 13ನೇ ಶತಮಾನದಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನ ಹೆಸರು ನುಗ್ಗೇಹಳ್ಳಿ, ಸೋಮನಾಥಪುರ ಹೀಗೆ ಹಲವು ಕಡೆ ಇದೆ. ಒಮ್ಮೊಮ್ಮೆ ಪೂರ್ತಿ ಹೆಸರು, ಒಮ್ಮೊಮ್ಮೆ ‘ಮಲ್ಲಿ’, ಇನ್ನು ಕೆಲವೆಡೆ ಬರೀ ‘ಮ’. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಇವನ ಜತೆ ಬೈಚೋಜ ಎಂಬ ಇನ್ನೊಬ್ಬ ಶಿಲ್ಪಿಯ ಹೆಸರೂ ಇದೆ. ದಾಸೋಜ, ಬೈಚೋಜ ಎಂಬ ಹೆಸರುಗಳ ಕೊನೆಯ ‘ಓಜ’ ಅಂದರೆ ಉಪಾಧ್ಯಾಯ. ಆ ದೊಡ್ಡ ಪದವೇ ಸವೆದು ಓಜ ಆಗಿದೆ. ಆಚಾರ್ಯ ‘ಆಚಾರಿ’ ಆದ ಹಾಗೆ. ಕಲ್ಲು ಕೆತ್ತುವವನನ್ನು ಮೇಷ್ಟ್ರು ಎಂದು ಕರೆಯುತ್ತಿದ್ದ ಕಾಲ ಅದು.

ಹಾಗಾದರೆ ಈ ಪದ ದರೋಡೆಯ ಪಕ್ಕಕ್ಕೆ ಹೋಗಿದ್ದು ಹೇಗೆ? ಪತ್ರಿಕೆಯ ಭಾಷಾಂತರದ ಮೇಜನ್ನು ನೆನಪು ಮಾಡಿಕೊಂಡರೆ ಊಹಿಸುವುದು ಕಷ್ಟವಲ್ಲ. ಇಂಗ್ಲಿಷ್ ಸುದ್ದಿಯಲ್ಲಿ ಆರ್ಕಿಟೆಕ್ಟ್ ಎಂಬ ಪದ ಎರಡೂ ಕಡೆ ಬರುತ್ತದೆ. ಒಂದು ಶಾಂತಿ ಒಪ್ಪಂದದ ಆರ್ಕಿಟೆಕ್ಟ್, ಇನ್ನೊಂದು ದಾಳಿಯ ಆರ್ಕಿಟೆಕ್ಟ್. ಮಾಸ್ಟರ್‌ಮೈಂಡ್ ಎಂಬುದು ಮತ್ತೊಂದು. ಶೀರ್ಷಿಕೆಗೆ ಮೂರಕ್ಷರದ ಚಿಕ್ಕ ಪದ ಬೇಕು. ರೂವಾರಿ ಕೈಗೆ ಸಿಕ್ಕಿತು. ‘ವಾಸ್ತುಶಿಲ್ಪಿ’ ಎಂದು ಬರೆದರೆ ಕಟ್ಟಡದ ನಕ್ಷೆ ಹಾಕುವವರು ಎಂದಾಗುತ್ತದೆ, ಉದ್ದವೂ ಹೌದು. ‘ಶಿಲ್ಪಿ’ ಪದಕ್ಕೆ ‘ಸಂವಿಧಾನ ಶಿಲ್ಪಿ’ಯಂಥ ಎತ್ತರದ ಜಾಗ ಸಿಕ್ಕಿರುವುದರಿಂದ ಅದನ್ನು ಅಪರಾಧದ ಸುದ್ದಿಗೆ ತರಲು ಯಾರಿಗೂ ಮನಸ್ಸು ಬರಲಿಲ್ಲ. ರೂವಾರಿ ಹಳೆಯ ಪದ. ಕಲ್ಲಿನ ನೆನಪು ಅದರಿಂದ ಆಗಲೇ ಅಳಿಸಿಹೋಗಿತ್ತು. ಹಾಗಾಗಿ ಎಲ್ಲಿ ಬೇಕಾದರೂ ಕೂರಿಸಬಹುದಾದ ಪದವಾಯಿತು.

ಕುತೂಹಲದ ಸಂಗತಿ ಅಂದರೆ ಅದರ ಜೋಡಿ ಪದಕ್ಕೂ ಇದೇ ಗತಿ ಆಗಿದೆ. ‘ಸೂತ್ರಧಾರ’ ನೋಡಿ. ಇವತ್ತು ‘ಹಗರಣದ ಸೂತ್ರಧಾರ’ ಎನ್ನುತ್ತೇವೆ. ನಾಟಕದ ಸೂತ್ರಧಾರ ಎಲ್ಲರಿಗೂ ಗೊತ್ತು. ಆದರೆ ಈ ಪದಕ್ಕೆ ಕಟ್ಟಡ ಕಟ್ಟುವವನು ಎಂಬ ಹಳೆಯ ಅರ್ಥವೂ ಇದೆ. ಸೂತ್ರ ಅಂದರೆ ಅಳತೆಯ ದಾರ. ಅದನ್ನು ಹಿಡಿದವನು ಸೂತ್ರಧಾರ. ಚಾಲುಕ್ಯರ ರಾಣಿ ಲೋಕಮಹಾದೇವಿ 8ನೇ ಶತಮಾನದಲ್ಲಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನಗಳಲ್ಲಿ ಅದನ್ನು ಕಟ್ಟಿದವರನ್ನು ‘ಸೂತ್ರಧಾರಿ’ ಎಂದೇ ಕರೆದಿದೆ. ಅಂದರೆ ನಮ್ಮ ಅಪರಾಧ ಸುದ್ದಿಗಳ ಎರಡು ಮುಖ್ಯ ಪದಗಳೂ ದೇವಾಲಯ ಕಟ್ಟಿದವರ ಬಿರುದುಗಳು!

ಇದು ಪೂರ್ತಿ ಅನ್ಯಾಯ ಅಂತಲೂ ನಾನು ಹೇಳುವುದಿಲ್ಲ. ರೂವಾರಿಯ ಕೆಲಸದಲ್ಲಿ ಎರಡು ಭಾಗ ಇತ್ತು. ಕಲ್ಲಿನಲ್ಲಿ ಯಾವ ರೂಪ ಮೂಡಬೇಕು ಎಂದು ಮೊದಲೇ ಕಾಣುವುದು ಒಂದು. ಕೈಯಾರೆ ಕೆತ್ತುವುದು ಇನ್ನೊಂದು. ಇವತ್ತಿನ ಬಳಕೆ ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಕೈಬಿಟ್ಟಿದೆ. ಸಂಚು ಹೂಡಿದವನು ಸ್ಥಳದಲ್ಲಿ ಇರಬೇಕಾಗಿಲ್ಲ, ಅವನೂ ರೂವಾರಿ. ಯೋಜನೆ ರೂಪಿಸಿದ ಅಧಿಕಾರಿ ಗುದ್ದಲಿ ಹಿಡಿಯಬೇಕಾಗಿಲ್ಲ, ಅವರೂ ರೂವಾರಿ. ಪದದ ಒಳಗೆ ಒಳ್ಳೆಯದು ಕೆಟ್ಟದ್ದು ಎಂಬ ತೀರ್ಪು ಇಲ್ಲ. ಅದು ಬರುವುದು ಹಿಂದಿನ ಪದದಿಂದ. ‘ಗ್ರಂಥಾಲಯದ’ ಎಂದರೆ ಹೊಗಳಿಕೆ, ‘ದರೋಡೆಯ’ ಎಂದರೆ ದೂರು. ಆದರೂ ನನ್ನನ್ನು ಕೇಳಿದರೆ, ಅಪರಾಧದ ಸುದ್ದಿಗೆ ‘ಸಂಚುಕೋರ’ ಎಂಬ ಪದವೇ ಸಾಕು. ಓದಿದ ತಕ್ಷಣ ಅರ್ಥ ಆಗುತ್ತದೆ, ಯಾವ ಶಿಲ್ಪಿಯ ಬಿರುದನ್ನೂ ಎರವಲು ಪಡೆಯಬೇಕಿಲ್ಲ.

ಪದಗಳು ಹೀಗೆ ಜಾರುವುದು ಹೊಸದೇನಲ್ಲ. ‘ಬಿನ್ನಾಣ’ ಎಂಬ ಪದ ಸಂಸ್ಕೃತದ ವಿಜ್ಞಾನದಿಂದ ಬಂದದ್ದು. ಹಳಗನ್ನಡದಲ್ಲಿ ಬಿನ್ನಾಣಿ ಅಂದರೆ ಕುಶಲಿ, ಕೈಚಳಕ ಉಳ್ಳವನು. ಇವತ್ತು ‘ಬಿನ್ನಾಣಗಿತ್ತಿ’ ಎಂದರೆ ಏನು ಅರ್ಥ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಅದಕ್ಕೆ ಹೋಲಿಸಿದರೆ ರೂವಾರಿ ಮರ್ಯಾದೆಯನ್ನು ಸಾಕಷ್ಟು ಉಳಿಸಿಕೊಂಡಿದೆ.

ಈಗ ನಿಮ್ಮ ಮಂಡಳಿಯವರು ಹೇಳಿದ ಉಳಿದ ಪದಗಳಿಗೆ ಬರೋಣ. ಇವು ಒಂದೇ ಅಲ್ಲ. ಒಂದೊಂದೂ ಬೇರೆ ಬೇರೆ ಕೆಲಸವನ್ನು ಹೇಳುತ್ತದೆ.

‘ಕರ್ತೃ’ ಇವುಗಳಲ್ಲಿ ಅತಿ ವಿಶಾಲವಾದದ್ದು. ಮಾಡು ಎಂಬ ಅರ್ಥದ ‘ಕೃ’ ಧಾತುವಿನಿಂದ ಬಂದಿದೆ. ಶಾಲೆಯಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಎಂದು ಓದಿದ್ದು ಇದನ್ನೇ. ಯಾರು ಆ ಕೆಲಸಕ್ಕೆ ಒಡೆಯರೋ ಅವರು ಕರ್ತೃ. ಪಾಣಿನಿ ಕೂಡ ಕರ್ತೃವನ್ನು ‘ಸ್ವತಂತ್ರ’ ಎಂಬ ಒಂದೇ ಮಾತಿನಲ್ಲಿ ವಿವರಿಸಿ ಮುಗಿಸುತ್ತಾನೆ. ವ್ಯಾಕರಣದ ಹೊರಗೆ ಈ ಪದಕ್ಕೆ ಈಗ ಎರಡು ಗಟ್ಟಿ ಜಾಗಗಳಿವೆ. ಒಂದು ಗ್ರಂಥ. ‘ಕವಿರಾಜಮಾರ್ಗದ ಕರ್ತೃ ಯಾರು?’ ಎಂದು ವಿದ್ವಾಂಸರು ದಶಕಗಳ ಕಾಲ ಚರ್ಚಿಸಿದರು. ಅಲ್ಲಿ ರೂವಾರಿ ಎಂದು ಹಾಕಿ ನೋಡಿ, ಕಿವಿಗೆ ಹಿಡಿಸುವುದಿಲ್ಲ. ಆ ಚರ್ಚೆಯೇ ನಿಮ್ಮ ಪ್ರಶ್ನೆಗೆ ಹತ್ತಿರದ್ದು. ಗ್ರಂಥದಲ್ಲಿ ರಾಜ ನೃಪತುಂಗನ ಹೆಸರಿದೆ, ಕವಿ ಶ್ರೀವಿಜಯನ ಹೆಸರೂ ಇದೆ. ‘ನೃಪತುಂಗದೇವಾನುಮತ’ ಎಂಬ ಮಾತನ್ನು ಹಿಡಿದು, ರಾಜ ಒಪ್ಪಿಗೆ ಕೊಟ್ಟವನು, ಬರೆದವನು ಶ್ರೀವಿಜಯ ಎಂದು ಈಗ ಹೆಚ್ಚಿನವರು ಹೇಳುತ್ತಾರೆ. ಒಪ್ಪಿಗೆ ಕೊಟ್ಟವರು ಕರ್ತೃ ಆಗುವುದಿಲ್ಲ.

ಇನ್ನೊಂದು ಜಾಗ ಮಠ. ವೀರಶೈವ ಲಿಂಗಾಯತ ಮಠಗಳಲ್ಲಿ ‘ಕರ್ತೃ ಗದ್ದುಗೆ’ ಎಂದರೆ ಆ ಮಠದ ಮೂಲಪುರುಷರ ಗದ್ದುಗೆ. ಇದು ಪುಸ್ತಕದ ಮಾತಲ್ಲ, ಹಳ್ಳಿಯ ಭಕ್ತರ ಬಾಯಲ್ಲೂ ಇರುವ ಮಾತು. ಹಾಗಾಗಿ ನಿಮ್ಮ ಮೇಷ್ಟ್ರನ್ನು ‘ಗ್ರಂಥಾಲಯದ ಕರ್ತೃ’ ಎಂದರೆ ಕೆಲವರಿಗೆ ಮಠದ ನೆನಪಾಗುತ್ತದೆ, ಉಳಿದವರಿಗೆ ವ್ಯಾಕರಣದ ತರಗತಿಯ ನೆನಪಾಗುತ್ತದೆ.

ಇದೇ ಪದಕ್ಕೆ ‘ಕರ್ತಾರ’ ಎಂಬ ಇನ್ನೊಂದು ರೂಪವಿದೆ. ಋಕಾರದಲ್ಲಿ ಕೊನೆಯಾಗುವ ಸಂಸ್ಕೃತ ಪದಗಳು ಕನ್ನಡಕ್ಕೆ ಬರುವಾಗ ಹೀಗೆ ಬದಲಾಗುತ್ತವೆ. ನೇತೃ ‘ನೇತಾರ’ ಆದದ್ದು, ದಾತೃ ‘ದಾತಾರ’ ಆದದ್ದು ಹಾಗೆಯೇ. ಬಸವಣ್ಣನವರು ಈ ಲೋಕವನ್ನು ‘ಕರ್ತಾರನ ಕಮ್ಮಟ’ ಎಂದು ಕರೆದಿದ್ದಾರೆ. ಕಮ್ಮಟ ಅಂದರೆ ಟಂಕಸಾಲೆ. ಅಲ್ಲಿ ಕರ್ತಾರ ದೇವರೇ. ಹಾಗಾಗಿ ಮನುಷ್ಯರಿಗೆ ಕರ್ತಾರ ಎಂದು ಬರೆಯುವಾಗ ಸ್ವಲ್ಪ ಯೋಚಿಸಿ.

‘ಸೃಷ್ಟಿಕರ್ತ’ನಿಗೂ ಇದೇ ತೊಡಕು. ಬ್ರಹ್ಮನಿಗೆ ಮೀಸಲಾದ ಪದ ಅದು. ಇತ್ತೀಚೆಗೆ ಕಂಟೆಂಟ್ ಕ್ರಿಯೇಟರ್ ಅನ್ನು ‘ವಿಷಯ ಸೃಷ್ಟಿಕರ್ತ’ ಎಂದು ಅನುವಾದಿಸಿದ್ದು ಕಣ್ಣಿಗೆ ಬೀಳುತ್ತಿದೆ. ಅರ್ಧ ನಿಮಿಷದ ರೀಲ್ಸ್ ಮಾಡುವವರಿಗೆ ಅಷ್ಟು ಭಾರ ಹೊರಿಸಬೇಕೇ? ‘ವಿಡಿಯೊ ಮಾಡುವವರು’ ಎಂದರೆ ಏನು ಕಡಿಮೆಯಾಯಿತು? ಕನ್ನಡದಲ್ಲಿ ಮಾಡುವವರನ್ನು ಹೇಳಲು ‘ಗಾರ’, ‘ಕಾರ’ ಎಂಬ ಪ್ರತ್ಯಯಗಳಿವೆ. ಕತೆಗಾರ, ವಚನಕಾರ, ವ್ಯಂಗ್ಯಚಿತ್ರಕಾರ. ಸಾಹಿತ್ಯ, ಸಂಗೀತ ಎರಡನ್ನೂ ಮಾಡುವವರಿಗೆ ‘ವಾಗ್ಗೇಯಕಾರ’ ಎಂಬ ಎಷ್ಟು ಖಚಿತವಾದ ಪದ ಇದೆ ನೋಡಿ. ಆದರೆ ‘ಗಾರ’ ಬಂದಲ್ಲೆಲ್ಲ ಮಾಡುವವರು ಎಂದು ತಿಳಿಯಬೇಡಿ. ಬಳೆಗಾರ ಬಳೆ ಮಾರುವವನು. ಸಾಲಗಾರ ಏನನ್ನೂ ಮಾಡಿದವನಲ್ಲ, ಬಡ್ಡಿ ಕಟ್ಟುವವನು.

‘ನಿರ್ಮಾತೃ’ ಮತ್ತು ‘ನಿರ್ಮಾಪಕ’ ಇವೆರಡನ್ನು ಜನ ಅದಲುಬದಲು ಮಾಡುತ್ತಾರೆ. ವ್ಯಾಕರಣ ಇಲ್ಲಿ ಬಹಳ ಸೂಕ್ಷ್ಮವಾಗಿದೆ. ನಿರ್ಮಾತೃ ಅಂದರೆ ನಿರ್ಮಿಸುವವನು. ನಿರ್ಮಾಪಕ ಅಂದರೆ ನಿರ್ಮಿಸುವಂತೆ ಮಾಡುವವನು, ಅಂದರೆ ಮಾಡಿಸುವವನು. ‘ಕಟ್ಟುವವನು’ ಮತ್ತು ‘ಕಟ್ಟಿಸುವವನು’ ಎಂಬ ವ್ಯತ್ಯಾಸವೇ ಇದು. ಸಿನಿಮಾದಲ್ಲಿ ಹಣ ಹಾಕಿ ಚಿತ್ರ ಮಾಡಿಸುವವರನ್ನು ನಿರ್ಮಾಪಕ ಎಂದು ಕರೆದವರು ಯಾರೋ, ಪದವನ್ನು ಸರಿಯಾಗಿ ಅರಿತವರು. ಆ ಲೆಕ್ಕದಲ್ಲಿ ಚಿತ್ರದ ರೂವಾರಿ ಅಂದರೆ ನಿರ್ದೇಶಕ.

ಈ ಮೂರು ಬಗೆಯ ಜನರನ್ನು ಬೇರೆ ಮಾಡಿ ನೋಡಲು ಕನ್ನಂಬಾಡಿ ಕಟ್ಟೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅದನ್ನು ಕಟ್ಟಿದವರು ಯಾರು ಎಂದು ವರ್ಷ ವರ್ಷವೂ ಜಗಳ ಆಗುತ್ತದೆ. 1911ರಲ್ಲಿ ಕೆಲಸ ಶುರುವಾದಾಗ ಮೈಸೂರಿನ ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರ್. ಮುಖ್ಯ ಎಂಜಿನಿಯರ್ ವಿಶ್ವೇಶ್ವರಯ್ಯ. 1912ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು, 1918ರವರೆಗೆ ಆ ಹುದ್ದೆಯಲ್ಲಿದ್ದರು. ಅವರು ಹುದ್ದೆ ಬಿಟ್ಟ ಮೇಲೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ನಡೆಯಿತು. ಬೇರೆ ಎಂಜಿನಿಯರ್‌ಗಳು ಮುಂದುವರಿಸಿದರು, ಸಾವಿರಾರು ಕೂಲಿಕಾರರು ದುಡಿದರು. ಎಲ್ಲರಿಗೂ ‘ನಿರ್ಮಾತೃ’ ಎಂಬ ಒಂದೇ ಪದ ಹಿಡಿದು ಎಳೆದಾಡಿದರೆ ಜಗಳ ಮುಗಿಯುವುದಿಲ್ಲ. ಕಟ್ಟಿಸಿದವರು ನಾಲ್ವಡಿಯವರು. ಯೋಜನೆಗೆ ರೂಪ ಕೊಟ್ಟವರಲ್ಲಿ ಮುಖ್ಯರು ವಿಶ್ವೇಶ್ವರಯ್ಯ, ಅವರನ್ನು ರೂವಾರಿ ಎನ್ನಬಹುದು. ಕಟ್ಟಿದವರು ಕಲ್ಲು ಗಾರೆ ಹೊತ್ತ ಕೂಲಿಕಾರರು. ಪದ ಸರಿಯಾಗಿ ಆರಿಸಿದರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ.

ವಿಧಾನಸೌಧದ ಮಾತೂ ಹೀಗೇ. ಕೆಂಗಲ್ ಹನುಮಂತಯ್ಯನವರನ್ನು ಅದರ ನಿರ್ಮಾತೃ ಎನ್ನುತ್ತೇವೆ, ಶಿಲ್ಪಿ ಎಂದೂ ಬರೆಯುತ್ತಾರೆ. 1956ರಲ್ಲಿ ಪೂರ್ತಿಯಾದ ಆ ಕಟ್ಟಡದ ಮುಖ್ಯ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ. ಆದರೆ ಕಟ್ಟಡ ಹೇಗಿರಬೇಕು, ನಮ್ಮ ದೇವಾಲಯಗಳ ಶೈಲಿ ಅದರಲ್ಲಿ ಹೇಗೆ ಕಾಣಬೇಕು ಎಂದು ಹಟ ಹಿಡಿದವರು ಹನುಮಂತಯ್ಯ. ಹಾಗಾಗಿ ಅವರಿಗೆ ರೂವಾರಿ ಎಂಬ ಪದ ಚೆನ್ನಾಗಿ ಒಪ್ಪುತ್ತದೆ.

‘ಹರಿಕಾರ’ನ ಕತೆ ಬೇರೆ. ಅದು ಪಾರಸಿಯ ‘ಹರ್ಕಾರಾ’ದಿಂದ ಬಂದದ್ದು. ಕಾಗದ ಹೊತ್ತು ಓಡುತ್ತಿದ್ದ ಅಂಚೆಯ ಓಟಗಾರ, ಸುದ್ದಿ ತರುವ ದೂತ. ಈಗ ಹೊಸದೊಂದನ್ನು ಮೊದಲು ತಂದವರಿಗೆ ಹೇಳುತ್ತೇವೆ. ಎಂ.ಎಸ್. ಸ್ವಾಮಿನಾಥನ್ ಹಸಿರು ಕ್ರಾಂತಿಯ ಹರಿಕಾರ, ದೇವರಾಜ ಅರಸು ಭೂಸುಧಾರಣೆಯ ಹರಿಕಾರ. ಅಂದರೆ ಈ ಪದದ ಹಿಂದೆ ದೊಡ್ಡದೊಂದು ಬದಲಾವಣೆ ಬೇಕು. ಒಂದು ಗ್ರಂಥಾಲಯಕ್ಕೆ ಹರಿಕಾರ ಹೊಂದುವುದಿಲ್ಲ. ‘ತಾಲ್ಲೂಕಿನ ಗ್ರಂಥಾಲಯ ಚಳವಳಿಯ ಹರಿಕಾರ’ ಎಂದರೆ ಹೊಂದುತ್ತದೆ, ಅಂಥ ಚಳವಳಿ ನಡೆದಿದ್ದರೆ.

‘ಜನಕ’, ‘ಪಿತಾಮಹ’ ಇವುಗಳಿಂದ ಆದಷ್ಟು ದೂರ ಇರಿ ಎಂಬುದು ನನ್ನ ಸಲಹೆ. ಇವು ತಕರಾರು ಕರೆಯುವ ಪದಗಳು. ಮಾಸ್ತಿಯವರನ್ನು ಕನ್ನಡ ಸಣ್ಣಕತೆಗಳ ಜನಕ ಎಂದ ಕೂಡಲೇ, ಅವರಿಗಿಂತ ಮೊದಲೇ ಬರೆದ ಪಂಜೆ ಮಂಗೇಶರಾಯರ ಹೆಸರು ಯಾರಾದರೂ ಎತ್ತುತ್ತಾರೆ. ಪಿತಾಮಹ ಅಂದರೆ ಹುಟ್ಟುಹಾಕಿದವರು ಎಂದೂ ಅಲ್ಲ. ಫ.ಗು. ಹಳಕಟ್ಟಿಯವರು ‘ವಚನ ಪಿತಾಮಹ’. ವಚನಗಳನ್ನು ರಚಿಸಿದವರು 12ನೇ ಶತಮಾನದ ಶರಣರು. ಹಳಕಟ್ಟಿಯವರು ಮನೆ ಮನೆಯ ತಾಡವಾಲೆ ಹುಡುಕಿ, ಸೋಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದವರು. ಬಿರುದು ಅವರಿಗೆ ಸಲ್ಲಬೇಕಾದದ್ದೇ. ಆದರೆ ಅದನ್ನು ಅಕ್ಷರಕ್ಕೆ ಅಕ್ಷರ ಹಿಡಿದು ಓದಿದರೆ ತಪ್ಪು ಅರ್ಥ ಬರುತ್ತದೆ.

‘ಸಂಸ್ಥಾಪಕ’ ಸರಿಯಾದ ಪದ, ಆದರೆ ಒಣ ಪದ. ದಾಖಲೆಯ ಮಾತು. ಒಂದು ದಿನಾಂಕ, ಒಂದು ಸಹಿ ಇದ್ದರೆ ಸಾಕು, ಸಂಸ್ಥಾಪಕರಾಗಬಹುದು. ಆಮೇಲೆ ಅದನ್ನು ಬೆಳೆಸಿದ್ದು ಅದರಲ್ಲಿ ಬರುವುದಿಲ್ಲ. ನಿಮ್ಮ ಮೇಷ್ಟ್ರು ಮೊದಲ ದಿನ ಸಹಿ ಹಾಕಿದ್ದಾರೋ ಇಲ್ಲವೋ, ಗ್ರಂಥಾಲಯ ಇವತ್ತು ಇರುವ ರೀತಿ ಅವರಿಂದ ಬಂದಿದ್ದರೆ ರೂವಾರಿ ಎನ್ನಲು ಅಷ್ಟು ಸಾಕು. ಸಂಶಯ ಬಂದಾಗ ನಾನು ಮಾಡುವುದು ಇಷ್ಟೆ: ರೂವಾರಿ ಇದ್ದ ಜಾಗದಲ್ಲಿ ‘ರೂಪ ಕೊಟ್ಟವರು’ ಎಂದು ಹಾಕಿ ಓದುತ್ತೇನೆ. ವಾಕ್ಯ ನಿಂತರೆ ಪದವೂ ನಿಲ್ಲುತ್ತದೆ. ‘ಗ್ರಂಥಾಲಯಕ್ಕೆ ರೂಪ ಕೊಟ್ಟವರು’ ನಿಲ್ಲುತ್ತದೆ. ‘ಕಾರ್ಯಕ್ರಮದ ಪ್ರಾಯೋಜಕರೇ ಅದರ ರೂವಾರಿ’ ಎಂಬುದು ನಿಲ್ಲುವುದಿಲ್ಲ, ಏಕೆಂದರೆ ಅವರು ಕೊಟ್ಟಿದ್ದು ಹಣ.

ಬರೆಯುವಾಗ ಗಮನಿಸಬೇಕಾದ ಕೆಲವು ಸಣ್ಣ ವಿಷಯಗಳಿವೆ. ಮೊದಲಕ್ಷರ ದೀರ್ಘ. ‘ರುವಾರಿ’ ಎಂದು ಅಚ್ಚಾಗುವುದು ಬಹಳ, ಆದರೆ ‘ರೂಪ’ದಿಂದ ಬಂದ ಪದಕ್ಕೆ ‘ರೂ’ ಬೇಕು. ಕರ್ತೃ ಪದದ್ದೂ ಇಂಥದೇ ತೊಂದರೆ. ಅದನ್ನು ‘ಕತೃ’ ಎಂದು ಬರೆಯುತ್ತಾರೆ, ಅರ್ಕಾವೊತ್ತು ಮಾಯವಾಗಿರುತ್ತದೆ.

‘ಉಸ್ತುವಾರಿ’ಯ ಜತೆ ರೂವಾರಿಯನ್ನು ಗೊಂದಲ ಮಾಡಿಕೊಳ್ಳುವುದೂ ಉಂಟು. ‘ಸಮಾರಂಭದ ರೂವಾರಿ ವಹಿಸಿಕೊಂಡರು’ ಎಂಬ ವಾಕ್ಯ ತಪ್ಪು. ಉಸ್ತುವಾರಿ ಒಂದು ಹೊಣೆ, ಅದನ್ನು ವಹಿಸಿಕೊಳ್ಳಬಹುದು. ರೂವಾರಿ ಒಬ್ಬ ವ್ಯಕ್ತಿ. ಎರಡರ ಬಾಲ ಒಂದೇ ಥರ ಕೇಳಿಸುತ್ತದೆ ಅಷ್ಟೆ.

ಗಂಡು ಹೆಣ್ಣು ಇಬ್ಬರಿಗೂ ಇದೇ ಪದ ನಡೆಯುತ್ತದೆ. ಲೇಖಕ ಲೇಖಕಿ, ಕತೆಗಾರ ಕತೆಗಾರ್ತಿ, ನಿರ್ಮಾಪಕ ನಿರ್ಮಾಪಕಿ ಎಂದು ಬದಲಿಸುವ ಕಷ್ಟ ಇಲ್ಲ. ‘ಈ ಯೋಜನೆಯ ರೂವಾರಿ ಅವರ ಅಕ್ಕ’ ಎಂದರೆ ಸರಿಯಾಗಿಯೇ ಇದೆ. ಬಹುವಚನ ‘ರೂವಾರಿಗಳು’. ಮೇಷ್ಟ್ರಿಗೆ ಗೌರವ ಸೂಚಿಸಲು ‘ರೂವಾರಿಗಳಾದ’ ಎಂದು ಬರೆಯುವವರೂ ಇದ್ದಾರೆ. ಸಂಚಿಕೆಯಲ್ಲಿ ಹಾಗೆ ಬರೆದರೆ ಇಬ್ಬರು ಮೂವರು ಇದ್ದರೇನೋ ಎನಿಸಬಹುದು. ‘ರೂವಾರಿಯಾದ ಮೇಷ್ಟ್ರು’ ಎಂದು ಏಕವಚನದಲ್ಲಿ ಇಟ್ಟು, ಗೌರವವನ್ನು ಕ್ರಿಯಾಪದದಲ್ಲಿ ತೋರಿಸಿ. ಇನ್ನು ಪದದ ಹಿಂದೆ ಷಷ್ಠಿ ವಿಭಕ್ತಿ ಇರಲಿ. ‘ಗ್ರಂಥಾಲಯದ ರೂವಾರಿ’ ಸರಿ. ‘ಗ್ರಂಥಾಲಯರೂವಾರಿ’ ಎಂದು ಒಂದಾಗಿ ಹೊಸೆಯಬೇಡಿ.